ಭಂಡಾರಕ್ಕೆ ಒಗ್ಗದ ಸೊಪ್ಪು

ನಾರ್ವೆಯ ಸ್ವಾಲ್‌ಬಾರ್ಡ್ ಬೀಜ ಭಂಡಾರದ ಕಥೆ ಎಲ್ಲ ಪತ್ರಿಕೆಗಳಲ್ಲೂ ಬಂದಿದೆ. 2008ರಲ್ಲಿ ಶುರುವಾದ ಈ ಭಂಡಾರ ಬೆಟ್ಟದೊಳಗೆ, ಮೈನಸ್ 18 ಡಿಗ್ರಿ ಚಳಿಯಲ್ಲಿ ಜಗತ್ತಿನ ಬೆಳೆಗಳ ಬೀಜ ಕಾಯುತ್ತಿದೆ. ಅದೇ ದೇಶದ ಟ್ರೊಂಡ್‌ಹೈಮ್ ಪಕ್ಕದ ಮಾಲ್ವಿಕ್‌ನ ಹಿತ್ತಿಲೊಂದಕ್ಕೆ ಅಷ್ಟು ಪ್ರಚಾರ ಸಿಕ್ಕಿಲ್ಲ. ಸಿಗಬೇಕಿತ್ತು.

ಬ್ರಿಟನ್ನಿನಿಂದ ಬಂದು ಅಲ್ಲಿ ನೆಲೆಸಿದ ಸ್ಟೀಫನ್ ಬಾರ್ಸ್ಟೋ ಬೆಳೆಸುವುದು ಹೆಚ್ಚಾಗಿ ಬಹುವಾರ್ಷಿಕ ತರಕಾರಿ: ಒಮ್ಮೆ ನೆಟ್ಟರೆ ವರ್ಷವರ್ಷವೂ ತಾನೇ ಚಿಗುರುವಂಥವು. ಇಂಥ ಗಿಡಗಳ ಬಗ್ಗೆ 2014ರಲ್ಲಿ ಅವರ ಪುಸ್ತಕವೂ ಬಂತು. ಯುರೋಪಿನ ಅಂಗಳಗಳಲ್ಲಿ ಬರೀ ಅಲಂಕಾರಕ್ಕಿರುವ ಹೋಸ್ಟಾ ಗಿಡದ ಎಳೆ ಚಿಗುರನ್ನು ಜಪಾನಿನವರು ಬೇಯಿಸಿ ಉಣ್ಣುತ್ತಾರೆ. ಮಾಲ್ವಿಕ್‌ನಲ್ಲೂ ಅದು ತರಕಾರಿಯೇ.

ಇವುಗಳಲ್ಲಿ ಹ್ಯಾಬ್ಲಿಟ್ಸಿಯಾದ ಕಥೆ ಸ್ವಾರಸ್ಯದ್ದು. ಕಾಕಸಸ್ ಸೀಮೆಯ ಈ ಬಳ್ಳಿ ಪಾಲಕ್, ಹರಿವೆಗಳ ಬಂಧು. ಹಬ್ಬುವುದು ಮಾತ್ರ ನಮ್ಮ ಬಸಳೆಯಂತೆ. ಬಸಳೆ ಹಿಮ ತಾಳದು. ಇದು ಚಳಿಗಾಲವಿಡೀ ಬೇರಿನಲ್ಲಿ ಜೀವ ಹಿಡಿದು, ತೋಟದ ಉಳಿದ ಗಿಡಗಳು ಏಳುವ ಮೊದಲೇ ದಪ್ಪ ಚಿಗುರು ಬಿಡುತ್ತದೆ. ಅದನ್ನು ಚಿವುಟಿ ಸೊಪ್ಪಿನಂತೆಯೇ ಬೇಯಿಸಬಹುದು. 19ನೇ ಶತಮಾನದಲ್ಲಿ ಸ್ವೀಡನ್ನಿಗೆ ಬಂದಾಗ ಅದಕ್ಕಿದ್ದ ಕೆಲಸ ಗೋಡೆ ಮುಚ್ಚುವುದು. ಇವತ್ತು ಅದು ಹಲವು ದೇಶಗಳ ಹಿತ್ತಿಲಲ್ಲಿದ್ದರೆ, ಬೀಜವನ್ನೋ ಬೇರಿನ ತುಂಡನ್ನೋ ಒಬ್ಬರು ಇನ್ನೊಬ್ಬರಿಗೆ ಕೊಟ್ಟದ್ದೇ ಕಾರಣ.

ಬೀಜ ಒಣಗಿಸಿ ಪೆಟ್ಟಿಗೆಗೆ ಹಾಕಿದರೆ ಎಲ್ಲ ತಳಿಯೂ ಉಳಿಯುತ್ತದೆ ಎಂಬ ನಂಬಿಕೆ ಎಡವುವುದು ಇಂಥ ಬಹುವಾರ್ಷಿಕ ಗಿಡಗಳ ವಿಷಯದಲ್ಲೇ. ರೂಬಾರ್ಬ್ ಬೀಜ ಬಿತ್ತಿದರೆ ತಾಯಿ ಗಿಡದ ಗುಣವೇ ಬರುತ್ತದೆಂಬ ಖಾತರಿಯಿಲ್ಲ. ಹಾರ್ಸ್‌ರ‍್ಯಾಡಿಶ್ ಬೀಜ ಕಟ್ಟುವುದೇ ಅಪರೂಪ. ಇವನ್ನು ಬುಡ ಒಡೆದು, ಬೇರು ತುಂಡರಿಸಿ ನೆಡಬೇಕು. ಅಂದರೆ ಯಾರದಾದರೂ ಮಣ್ಣಿನಲ್ಲಿ ಇವು ಬದುಕಿರಲೇಬೇಕು. ಒಬ್ಬರ ಮಣ್ಣು ಸಾಲದು, ಯಾಕೆಂದರೆ ಮಾಲೀಕ ಮನೆ ಮಾರಿದ ದಿನ ತಳಿಯೂ ಹೋದಂತೆಯೇ. ಬಾರ್ಸ್ಟೋ ತೊಡಗಿಕೊಂಡಿರುವ ನಾರ್ವೆಯ 'ಕ್ವಾನ್' ಸಂಘದ ಸದಸ್ಯರು ಬೀಜದ ಜೊತೆ ಗಡ್ಡೆ, ಸಸಿಗಳನ್ನೂ ಹಂಚಿಕೊಳ್ಳುವುದನ್ನು ಹವ್ಯಾಸಿಗಳ ಖಯಾಲಿ ಎಂದು ತಳ್ಳಿಹಾಕುವಂತಿಲ್ಲ. ಭಂಡಾರಕ್ಕೆ ಸಿಗುವ ಸರ್ಕಾರಿ ಹಣದಲ್ಲಿ ಒಂದು ಪಾಲು ಇಂಥ ತೋಟಗಳಿಗೂ ಸಲ್ಲಬೇಕು.

ಹಾಗೆಂದು ಕಂಡದ್ದನ್ನೆಲ್ಲ ಹಂಚುವುದೂ ತರವಲ್ಲ. ಇರಾನಿನ ಅಡುಗೆಯಲ್ಲಿ ಮಸಾಲೆಯಾಗುವ ಗೋಲ್ಪರ್ ಗಿಡ 19ನೇ ಶತಮಾನದಲ್ಲಿ ಅಲಂಕಾರಕ್ಕೆಂದು ಉತ್ತರ ನಾರ್ವೆಗೆ ಬಂತು. ಈಗ ಟ್ರೊಮ್ಸೊ ಊರಿನ ರಸ್ತೆಬದಿಯಲ್ಲೆಲ್ಲ ಅದರದೇ ದರ್ಬಾರು. ರಸ ತಾಗಿದ ಚರ್ಮಕ್ಕೆ ಬಿಸಿಲು ಬಿದ್ದರೆ ಬೊಬ್ಬೆ ಏಳುತ್ತದೆ. ಸಸಿ ಕೊಡುವವರು ಅಡುಗೆಯ ವಿಧಾನ ಹೇಳುವ ಮೊದಲು, ಅದು ಬೇಲಿ ದಾಟುತ್ತದೆಯೇ ಎಂಬುದನ್ನು ಹೇಳಲಿ.