ಲೆಕ್ಕಕ್ಕೂ ಸೈ, ತಾಳಕ್ಕೂ ಸೈ

ಕ್ಯಾಸಿಯೊ ಕಂಪನಿಯ ಹಳೆಯ ಎಲೆಕ್ಟ್ರಾನಿಕ್ ವಾದ್ಯ ವಿಎಲ್-1 ಕಂಡರೆ ನೆನಪಾಗುವುದು ಅಂಗಡಿಯ ಗಲ್ಲಾಪೆಟ್ಟಿಗೆ ಪಕ್ಕದ ಕ್ಯಾಲ್ಕುಲೇಟರ್. ತಪ್ಪೇನಿಲ್ಲ, ಅದು ಕೂಡಿ ಕಳೆಯುವ ಕೆಲಸವನ್ನೂ ಮಾಡುತ್ತದೆ! ಪಿಯಾನೊ ಮನೆಗಳ ಜಾಗದಲ್ಲಿ 29 ಪುಟಾಣಿ ಗುಂಡಿಗಳು, ಮೇಲೊಂದು ಅಂಕಿ ತೋರುವ ಪರದೆ.

ಮಜಾ ಇರುವುದು ಇನ್ನೊಂದು ಕಡೆ. ಎಂಟು ಅಂಕಿಗಳ ಸಂಖ್ಯೆಯೊಂದನ್ನು ಒತ್ತಿ ಮೆಮೊರಿಗೆ ಹಾಕಿದರೆ ಅದೇ ಹೊಸ ನಾದ. ಒಂದು ಅಂಕಿ ಸ್ವರ ಎಷ್ಟು ಬೇಗ ಏಳಬೇಕೆಂದು ಹೇಳುತ್ತದೆ, ಇನ್ನೊಂದು ಎಷ್ಟು ನಿಧಾನ ಅಡಗಬೇಕೆಂದು. ಮಾಡುವುದು ಗುಮಾಸ್ತನ ಕೆಲಸ, ಹುಟ್ಟುವುದು ಸಂಗೀತ.

1982ರಲ್ಲಿ ಜರ್ಮನಿಯ ಟ್ರಿಯೊ ತಂಡ ಇದರ ಟಿಕ್‌ಟಿಕ್ ತಾಳವನ್ನೇ ನೆಚ್ಚಿ ‘ಡಾ ಡಾ ಡಾ’ ಹಾಡಿ ಗೆದ್ದಿತು. ನಿಜವಾದ ಡ್ರಮ್ಮಿನ ಹತ್ತಿರವೂ ಅದು ಸುಳಿಯದು, ಆಕರ್ಷಣೆಯೂ ಅದೇ.

ಸ್ವೀಡನ್ನಿನ ಟೀನೇಜ್ ಎಂಜಿನಿಯರಿಂಗ್ ಕಂಪನಿ 2015ರಲ್ಲಿ ತಂದ ‘ಪಾಕೆಟ್ ಆಪರೇಟರ್’ ಎಂಬ ಪುಟ್ಟ ಎಲೆಕ್ಟ್ರಾನಿಕ್ ವಾದ್ಯಗಳು ಮತ್ತೆ ಕ್ಯಾಲ್ಕುಲೇಟರ್ ವೇಷವನ್ನೇ ತೊಟ್ಟವು, ಈ ಬಾರಿ ಲೆಕ್ಕದ ಹಂಗಿಲ್ಲದೆ.