ಟ್ಯಾಗ್ ಬಣ್ಣ ನೋಡಿ ಪಾಸ್ ಕೊಡ್ತೀರಾ?

"ಫುಟ್‌ಬಾಲ್ ನೋಡ್ತೀಯಾ?" ಅಂತ ಪಕ್ಕದ ಸೀಟಿನವನು ಕೇಳಿದ್ದು ನಾನು ಕೆಲಸಕ್ಕೆ ಸೇರಿದ ಮೊದಲ ವಾರ. ಉಚ್ಚಂಗಿದುರ್ಗದವನಿಗೆ ಕೇಳೋ ಪ್ರಶ್ನೆಯೇ ಇದು? ನಮ್ಮೂರಲ್ಲಿ ಕಬಡ್ಡಿ, ವಾಲಿಬಾಲ್, ಕ್ರಿಕೆಟ್ಟು. ಫುಟ್‌ಬಾಲನ್ನು ಹಾಸ್ಟೆಲ್‌ನಲ್ಲಿ ನಿದ್ದೆಗೆಟ್ಟು ನೋಡಿದ್ದು ಅಷ್ಟೇ. ಆದರೂ "ಹ್ಞೂಂ" ಅಂದೆ. ಅವತ್ತಿಂದ ಕ್ಯಾಂಟೀನಿನಲ್ಲಿ ಒಬ್ಬನೇ ಕೂತು ಊಟ ಮಾಡಿದ್ದಿಲ್ಲ. ಈ ಊರಲ್ಲಿ ನನಗೆ ಗೆಳೆಯರು ಅಂತ ಸಿಕ್ಕಿದ್ದರೆ ಅದು ಫುಟ್‌ಬಾಲಿನಿಂದಲೇ. ಹಾಗಾಗಿ ಈಗ ಬಯ್ಯುತ್ತಿರೋದು ಆಟವನ್ನಲ್ಲ...

ವಾರಕ್ಕೊಮ್ಮೆ ರಾತ್ರಿ ದುಡ್ಡು ಹಾಕಿಕೊಂಡು ಟರ್ಫ್‌ನಲ್ಲಿ ಆಡುತ್ತೇವೆ. ಒಂದಿನ ಒಬ್ಬ ಕಮ್ಮಿ ಬಿದ್ದ. ಶಿಫ್ಟ್ ಮುಗಿಸಿ ಹೊರಟಿದ್ದ ಗೇಟಿನ ಸೆಕ್ಯೂರಿಟಿ ಹುಡುಗ, "ಸಾರ್, ನಾನು ಬರ್ಲಾ?" ಅಂದ. ಹಲಸೂರಿನ ಗೌತಮಪುರದವನು. ಆ ಬೀದಿಗಳ ಬಗ್ಗೆ ಗೊತ್ತಿಲ್ಲದವರಿಗೆ ಹೇಳುತ್ತೇನೆ, ಅಲ್ಲಿ ಪೆಲೆಯ ಪ್ರತಿಮೆ ಇದೆ! ಹುಡುಗ ಬರಿಗಾಲಲ್ಲಿ ನಮ್ಮೆಲ್ಲರನ್ನೂ ಬುಗುರಿ ಥರ ತಿರುಗಿಸಿಬಿಟ್ಟ. ಹತ್ತು ನಿಮಿಷದಲ್ಲಿ "ಸಾರ್" ಉದುರಿಹೋಗಿತ್ತು. "ಲೇ, ನೋಡ್ತಾ ನಿಂತಿದ್ದೀಯಲ್ಲ, ಬಾಲ್ ಬಿಡೋ!" ಅಂತ ನನ್ನ ಮೇಲೇ ರೇಗಿದ. ಎಷ್ಟು ಖುಷಿಯಾಯ್ತು ಗೊತ್ತಾ? ಮಾರನೇ ಬೆಳಿಗ್ಗೆ ಗೇಟಿನಲ್ಲಿ ಮತ್ತೆ "ಸಾರ್, ಬ್ಯಾಗ್ ತೋರ್ಸಿ" :)

ಆರು ತಿಂಗಳು ಹೀಗೇ ನಡೀತು. ಆಮೇಲೆ ಕಂಪನಿ ಕಂಪನಿಗಳ ನಡುವಿನ ಟೂರ್ನಮೆಂಟ್ ಬಂತು. ಪಟ್ಟಿಯಲ್ಲಿ ಮೊದಲ ಹೆಸರು ಅವನದೇ ಬರೆದೆವು. ಎಚ್‌ಆರ್‌ನಿಂದ ವಾಪಸ್ ಬಂತು. ಪರ್ಮನೆಂಟ್ ಎಂಪ್ಲಾಯಿಗಳು ಮಾತ್ರ, ಅಂದರೆ ನೀಲಿ ಟ್ಯಾಗಿನವರು ಮಾತ್ರ. ಅವನದು ಹಳದಿ ಟ್ಯಾಗ್, ಕಾಂಟ್ರಾಕ್ಟ್.

"ಬಿದ್ದು ಕಾಲು ಮುರ್ಕೊಂಡ್ರೆ ಯಾರು ಹೊಣೆ?" ಅಂದರು. ಸರಿ ಸ್ವಾಮಿ, ಮಳೆಗಾಲದ ರಾತ್ರಿ ನಿಮ್ಮ ಪಾರ್ಕಿಂಗ್ ಕಾಯುವಾಗ ಜಾರಿ ಬಿದ್ದರೆ ಯಾರು ಹೊಣೆ? ಆಗ ಯಾಕೆ ಈ ಪ್ರಶ್ನೆ ಹುಟ್ಟೋದಿಲ್ಲ?

ತಮಾಷೆ ಏನು ಗೊತ್ತಾ? ಇದನ್ನೆಲ್ಲ ತಲೆಯಾಡಿಸಿ ಒಪ್ಪಿಕೊಂಡ ನಮ್ಮ ಟೀಮ್ ಲೀಡ್ ಆರ್ಸೆನಲ್ ಜೆರ್ಸಿ ಬಿಟ್ಟು ಬೇರೆ ಹಾಕೋದಿಲ್ಲ. ಆರ್ಸೆನಲ್ ಕಟ್ಟಿದವರು ಯಾರು? 1886ರಲ್ಲಿ ವೂಲಿಚ್‌ನ ಶಸ್ತ್ರಾಸ್ತ್ರ ಕಾರ್ಖಾನೆಯ ಕಾರ್ಮಿಕರು. ಮ್ಯಾಂಚೆಸ್ಟರ್ ಯುನೈಟೆಡ್? 1878ರಲ್ಲಿ ನ್ಯೂಟನ್ ಹೀತ್‌ನ ರೈಲ್ವೆ ಕೆಲಸಗಾರರು. ಕೈಗೆ ಗ್ರೀಸು ಮೆತ್ತಿಕೊಂಡವರು ಶುರು ಮಾಡಿದ ಕ್ಲಬ್ಬಿನ ಜೆರ್ಸಿ ಹಾಕಿಕೊಂಡು, ಗೇಟು ಕಾಯುವವನು ನಮ್ಮ ಟೀಮಿನವನಲ್ಲ ಅಂತೀರಲ್ಲ!

ಅಷ್ಟು ದೂರ ಯಾಕೆ, ಬೆಂಗಳೂರನ್ನೇ ನೋಡಿ. 1977ರಲ್ಲಿ ಮೊಟ್ಟಮೊದಲ ಫೆಡರೇಶನ್ ಕಪ್ ಗೆದ್ದವರು ಯಾರು? ದೂರವಾಣಿನಗರದ ಐಟಿಐ. ಟೆಲಿಫೋನ್ ತಯಾರಿಸುವ ಕಾರ್ಖಾನೆಯ ತಂಡ ಎರ್ನಾಕುಲಂನಲ್ಲಿ ಮೋಹನ್ ಬಗಾನ್‌ನಂಥ ಮೋಹನ್ ಬಗಾನನ್ನು 1-0 ಗೋಲಿನಿಂದ ಸೋಲಿಸಿತು. ಎಚ್‌ಎಎಲ್ ತಂಡ 2011-12ರವರೆಗೂ ಐ-ಲೀಗ್ ಆಡಿತು. ಆ ಕಾಲದಲ್ಲಿ ಚೆನ್ನಾಗಿ ಆಡುವ ಬಡ ಹುಡುಗನಿಗೆ ಕಾಲ್ಚಳಕದಿಂದಲೇ ಕಾರ್ಖಾನೆಯಲ್ಲಿ ಕೆಲಸ ಸಿಗುವ ದಾರಿ ಇತ್ತು. ಆಟ ಗೇಟು ತೆಗೆಸುತ್ತಿತ್ತು. ನಮ್ಮ ಗಾಜಿನ ಕಟ್ಟಡಗಳಲ್ಲಿ ಅದು ತಿರುಗಾಮುರುಗ. ಗೇಟಿನೊಳಗೇ ಕೆಲಸ ಮಾಡುವವನಿಗೆ ಆಟ ಇಲ್ಲ. ಮೇಲಿಂದ ಅದಕ್ಕೆ 'ಟೀಮ್ ಬಿಲ್ಡಿಂಗ್' ಅಂತ ಹೆಸರು ಬೇರೆ.

ನಮ್ಮೂರಲ್ಲಿ ಎಲ್ಲ ಸರಿ ಇತ್ತು ಅಂತ ನಾನು ಹೇಳುತ್ತಿಲ್ಲ. ಅಲ್ಲೂ ಕೇರಿಗೊಂದು ತಂಡ. ಯಾವ ಕೇರಿಯವನು ಯಾವ ತಂಡಕ್ಕೆ ಆಡಬೇಕು ಅಂತ ಯಾರೂ ಬರೆದಿಟ್ಟಿರಲಿಲ್ಲ, ಆದರೆ ಎಲ್ಲರಿಗೂ ಗೊತ್ತಿತ್ತು. ಓದಿ, ಇಂಜಿನಿಯರ್ ಆಗಿ, ಬೆಂಗಳೂರಿಗೆ ಬಂದರೆ ಅದನ್ನೆಲ್ಲ ದಾಟಿ ಬಂದೆ ಅಂದುಕೊಂಡಿದ್ದೆ. ಇಲ್ಲಿ ಟ್ಯಾಗ್ ಬಣ್ಣಕ್ಕೊಂದು ತಂಡ. ಕೇರಿ ಬದಲಾಯಿತು ಅಷ್ಟೇ. ಇಲ್ಲಿನವರು ಅದನ್ನು ಮೇಲ್‌ನಲ್ಲಿ ಬರೆದು ಕಳಿಸುತ್ತಾರೆ, ಅದೊಂದೇ ವ್ಯತ್ಯಾಸ.

ಇನ್ನು ನಾನೇನು ಮಾಡಿದೆ ಅಂತ ಕೇಳ್ತೀರಾ? ಏನೂ ಮಾಡಲಿಲ್ಲ. ಎಚ್‌ಆರ್ ಮೇಲ್‌ಗೆ 'ಓಕೆ' ಅಂತ ಉತ್ತರ ಹಾಕಿ, ಅವನ ಜಾಗಕ್ಕೆ ಇನ್ನೊಬ್ಬನ ಹೆಸರು ಬರೆದೆ. ಮೊದಲ ಮ್ಯಾಚಿನಲ್ಲೇ ಸೋತೆವು. ಸೋತಿದ್ದಕ್ಕೆ ಬೇಜಾರಿಲ್ಲ. ಮರುದಿನ ಗೇಟಿನಲ್ಲಿ ಅವನೇ "ಏನಾಯ್ತು ಸಾರ್ ಮ್ಯಾಚು?" ಅಂತ ಕೇಳಿದಾಗ ಮುಖ ಎತ್ತಿ ನೋಡೋಕಾಗಲಿಲ್ಲ. ಈಗ ಅವನು ಟರ್ಫ್‌ಗೂ ಬರೋದಿಲ್ಲ. ಕರೆದರೆ "ಡ್ಯೂಟಿ ಇದೆ ಸಾರ್" ಅಂತಾನೆ.

ಗೆಳೆಯರೇ, ನಿಮ್ಮಲ್ಲಿ ಅರ್ಧಕ್ಕರ್ಧ ಜನ ನನ್ನ ಹಾಗೇ ಕುತ್ತಿಗೆಗೆ ಟ್ಯಾಗ್ ಹಾಕಿಕೊಂಡು ಓಡಾಡುವವರು. ಮುಂದಿನ ಸಲ ನಿಮ್ಮ ಆಫೀಸಿನಲ್ಲಿ ಟೀಮ್ ಪಟ್ಟಿ ಬಂದಾಗ ಒಂದು ಪ್ರಶ್ನೆ ಕೇಳಿ. ಗೇಟಿನಲ್ಲಿ, ಕ್ಯಾಂಟೀನಿನಲ್ಲಿ, ಹೌಸ್‌ಕೀಪಿಂಗ್‌ನಲ್ಲಿ ಆಡುವವರು ಯಾರಾದರೂ ಇದ್ದಾರಾ? ಆಗೋದಿಲ್ಲ ಅಂದರೆ ನಿಮ್ಮ ಹೆಸರನ್ನೂ ತೆಗೆಸಿ. ನಾನು ಈ ಸಲ ತೆಗೆಸುತ್ತೇನೆ. ಹೋದ ಸಲವೇ ತೆಗೆಸಬೇಕಿತ್ತು.