ಸಂಕೋಚ ಬಿಡಿ, ಬಾಯಿ ಬಿಡಿ!

‘ಬಾಯಲ್ಲಿ ಹುಣ್ಣಾ? ಉಷ್ಣ ಆಗಿರ್ಬೇಕು, ಮಜ್ಜಿಗೆ ಕುಡಿ, ಬಿ-ಕಾಂಪ್ಲೆಕ್ಸ್ ನುಂಗು.’ ಇದು ನಮ್ಮ ಮನೆಗಳ ಮಾಮೂಲಿ ಮಾತು. ಎಷ್ಟೋ ಸಲ ಅಷ್ಟಕ್ಕೇ ವಾಸಿಯೂ ಆಗುತ್ತೆ. ಆದರೆ ಮೂರು ವಾರವಾದರೂ ಮಾಯದ ಹುಣ್ಣು, ಬಾಯೊಳಗೆ ಬಿಳಿ-ಕೆಂಪು ಮಚ್ಚೆ, ಕುತ್ತಿಗೆಯಲ್ಲಿ ಗಂಟು ಇದ್ದರೆ ಸುಮ್ಮನಿರಬೇಡಿ. ಮಗನ ಪರೀಕ್ಷೆ ಮುಗೀಲಿ, ನಾದಿನಿ ಮದುವೆ ಆಗಲಿ ಅಂತ ಮುಂದೂಡುವುದು ನಮಗೆ ರೂಢಿ. ರೋಗ ಹಾಗೆ ಕಾಯುವುದಿಲ್ಲ.

‘ನಾನು ಹೊಗೆಸೊಪ್ಪು ಹಾಕಲ್ಲ, ಬರೀ ಎಲೆ-ಅಡಿಕೆ’ ಅನ್ನುವವರೂ ಎಚ್ಚರವಾಗಿರಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಅಡಿಕೆಯನ್ನೂ ಕ್ಯಾನ್ಸರ್‌ಕಾರಕ ಪಟ್ಟಿಗೆ ಸೇರಿಸಿದೆ. ಯಾವ ಅಭ್ಯಾಸವೂ ಇಲ್ಲದವರಿಗೂ ಈ ಕಾಯಿಲೆ ಬರಬಹುದು. ಆದ್ದರಿಂದ ನಾಚಿಕೊಳ್ಳುವಂಥದ್ದು ಏನೂ ಇಲ್ಲ. ‘ಚುಚ್ಚಿದರೆ ಹರಡುತ್ತೆ’ ಅಂತ ಬಯಾಪ್ಸಿಗೆ ಹೆದರಿ ದಿನ ಕಳೆಯಬೇಡಿ.

ವೈದ್ಯರು ರೇಡಿಯೇಷನ್ ಹೇಳಿದರೆ, ಶುರುವಾಗುವ ಮುಂಚೆಯೇ ದಂತವೈದ್ಯರಿಗೆ ಹಲ್ಲು ತೋರಿಸಿ. ಸಾಮಾನ್ಯವಾಗಿ ವಾರಕ್ಕೆ ಐದು ದಿನದಂತೆ ಆರೇಳು ವಾರ ಹೋಗಿಬರಬೇಕು. ಅಲುಗಾಡದಿರಲೆಂದು ಮುಖಕ್ಕೆ ಬಲೆಯಂಥ ಮುಖವಾಡ ಹಾಕುತ್ತಾರೆ. ಉಸಿರಾಟಕ್ಕೆ ತೊಂದರೆಯಿಲ್ಲ, ಕಿರಣ ಬೀಳುವಾಗ ನೋವೂ ಇಲ್ಲ. ಕಷ್ಟ ಶುರುವಾಗುವುದು ಎರಡು-ಮೂರು ವಾರದ ನಂತರ. ಬಾಯಿ ಒಣಗುತ್ತೆ, ಹುಣ್ಣಾಗುತ್ತೆ, ನಿಮ್ಮ ಕೈಯಡುಗೆಯೇ ನಿಮಗೆ ಮಣ್ಣೆನಿಸುತ್ತೆ.

ಆಗ ಹಟಕ್ಕೆ ಬಿದ್ದು ಚಿಕಿತ್ಸೆ ನಿಲ್ಲಿಸಬೇಡಿ. ನೋವಿದ್ದರೆ ಹೇಳಿ, ಅದಕ್ಕೂ ಔಷಧಿ ಇದೆ. ಖಾರ, ಹುಳಿ ಬಿಟ್ಟು ರಾಗಿ ಗಂಜಿ, ಮೆತ್ತಗಿನ ಮೊಸರನ್ನ, ತೆಳು ಪಾಯಸವನ್ನು ಸ್ವಲ್ಪ ಸ್ವಲ್ಪವೇ ತೆಗೆದುಕೊಳ್ಳಿ. ತೂಕ ತೀರಾ ಇಳಿದರೆ ಮೂಗಿನಲ್ಲಿ ನಳಿಕೆ ಹಾಕಬಹುದು. ಅದು ಸೋಲಲ್ಲ, ಊಟದ ಇನ್ನೊಂದು ದಾರಿ ಅಷ್ಟೇ. ಬಾಯಿ ತೆರೆಯುವ, ನುಂಗುವ ವ್ಯಾಯಾಮವನ್ನು ಕೇಳಿ ಕಲಿತು ದಿನವೂ ಮಾಡಿ. ಇಲ್ಲದಿದ್ದರೆ ದವಡೆ ಬಿಗಿಯುತ್ತೆ. ಚಿಕಿತ್ಸೆ ಮುಗಿದು ವರ್ಷಗಳಾದ ಮೇಲೂ ಹಲ್ಲು ಕೀಳಿಸುವ ಮುನ್ನ ‘ನನಗೆ ರೇಡಿಯೇಷನ್ ಆಗಿದೆ’ ಎಂದು ಹೇಳಲು ಮರೆಯದಿರಿ.

ಖರ್ಚಿನ ಚಿಂತೆಯೇ? ಬೆಂಗಳೂರಿನ ಕಿದ್ವಾಯಿಯಂಥ ಸರ್ಕಾರಿ ಸಂಸ್ಥೆಗಳಿವೆ. ಆಯುಷ್ಮಾನ್ ಕಾರ್ಡಿನ ಬಗ್ಗೆಯೂ ಆಸ್ಪತ್ರೆಯಲ್ಲಿ ಮೊದಲೇ ವಿಚಾರಿಸಿ.

ಕಳೆದುಹೋದ ರುಚಿ ಹೆಚ್ಚಿನವರಿಗೆ ತಿಂಗಳುಗಳಲ್ಲಿ ನಿಧಾನವಾಗಿ ಮರಳುತ್ತೆ. ಅಲ್ಲಿಯವರೆಗೆ ಸಾರಿನ ಉಪ್ಪು ನೋಡಲು ಮಗಳನ್ನು ಕರೆಯಿರಿ, ಮಗನನ್ನೂ ಕರೆಯಿರಿ. ಇಷ್ಟು ವರ್ಷ ಎಲ್ಲರಿಗೂ ಬಡಿಸಿದ್ದೀರಿ. ಕೆಲವು ತಿಂಗಳು ಅವರು ನಿಮಗೆ ಬಡಿಸಲಿ ಬಿಡಿ.